ನನ್ನ ಯಂತ್ರದಲ್ಲಿ ಆಕೆಯ ಉಸಿರು

ಹೋದ ವಾರ ಹೊಸ ಸುಣ್ಣದ ಕ್ಯಾನ್ ಒಡೆದೆ. ಮುಚ್ಚಳದಡಿಯ ಹಾಳೆಯನ್ನು ಚಾಕುವಿನಿಂದ ಸೀಳಿದ ಕೂಡಲೇ ಸಣ್ಣ ಬಿಳಿ ಧೂಳು ಎದ್ದು ಮೂಗಿಗೆ ಬಡಿಯಿತು. ಹಬ್ಬಕ್ಕೆಂದು ಸುಣ್ಣ ಹಚ್ಚಿ ಇನ್ನೂ ಪೂರ್ತಿ ಒಣಗದ ಮನೆಯೊಳಗೆ ಕಾಲಿಟ್ಟಾಗ ಬರುತ್ತದಲ್ಲ, ಅಂಥದೇ ಹಸಿ ವಾಸನೆ... ಕಡಲ ದಂಡೆಯ ನಮ್ಮ ಶೆಡ್ಡಿನ ಹೊರಗೆ ಮೀನಿನ ನಾತ, ದೋಣಿಗಳ ಡೀಸೆಲ್ ನಾತ. ಅವೆರಡನ್ನೂ ಸರಿಸಿ ಈ ವಾಸನೆ ಬಂದು ನಿಂತಿತು. ಕ್ಯಾನನ್ನು ತೊಡೆಯ ಮೇಲಿಟ್ಟುಕೊಂಡೇ ಸ್ವಲ್ಪ ಹೊತ್ತು ಕೂತೆ. ಕಾಕಾ ನೆನಪಾದರು.

ಅವರು ಸಂಬಂಧದಲ್ಲಿ ನನಗೆ ಕಾಕಾ ಅಲ್ಲ. ನಾಲತವಾಡದಲ್ಲಿ ಮೋಟಾರ್ ಸುತ್ತುವ ಅಂಗಡಿ ಇಟ್ಟುಕೊಂಡಿದ್ದ ಹಿರಿಯರು. ಊರವರೆಲ್ಲ ಕಾಕಾ ಅನ್ನುತ್ತಿದ್ದರು, ನಾನೂ ಅಂದೆ. ಅವರನ್ನು ನೆನೆದಾಗ ಮೊದಲು ಪ್ರೀತಿ ಬರಬೇಕು. ಬರುವುದಿಲ್ಲ. ಮೊದಲು ಬರುವುದು ಹೊಟ್ಟೆಕಿಚ್ಚು. ಉಳಿದದ್ದೆಲ್ಲ ಅದರ ಬೆನ್ನಿಗೆ ಬರುತ್ತದೆ. ಇದ್ದದ್ದನ್ನು ಇದ್ದ ಹಾಗೆಯೇ ಬರೆಯುತ್ತೇನೆ.

ನಾನು ಇಂಡಿಯವಳು. ಅಪ್ಪನದು ನಿಂಬೆಯ ತೋಟ. ತೋಟದ ಬಾವಿಯಲ್ಲಿ ಬೆನ್ನಿಗೆ ಖಾಲಿ ಡಬ್ಬಿ ಕಟ್ಟಿಕೊಂಡು ಈಜು ಕಲಿತೆ. ಪದವಿ ಮುಗಿದ ಮೇಲೆ ಮನೆಯವರ ಜೊತೆ ಎರಡು ವರ್ಷ ಜಗಳಾಡಿ ಕಡಲ ಕಡೆ ಹೋಗಿ ಸ್ಕೂಬಾ ಕಲಿತೆ. ಮುಂದೆ ಅಲ್ಲಿಯೇ ಪ್ರವಾಸಿಗರನ್ನು ನೀರೊಳಗೆ ಕರೆದೊಯ್ಯುವ ಕೆಲಸ ಹಿಡಿದೆ. ಜಿಲ್ಲೆಯ ಪತ್ರಿಕೆಯೊಂದು ನನ್ನ ಫೋಟೋ ಹಾಕಿ ‘ನಿಂಬೆಯ ನಾಡಿನ ಮೀನು’ ಎಂದು ಬರೆದಿತ್ತು. ಆ ತುಣುಕನ್ನು ಪ್ಲಾಸ್ಟಿಕ್ ಹಾಳೆಯೊಳಗೆ ಇಟ್ಟು ಬ್ಯಾಗಿನಲ್ಲಿ ಒಯ್ಯುತ್ತಿದ್ದೆ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಾಗೇವಾಡಿ, ಈ ನಾಲ್ಕೂ ಕಡೆ ಹುಡುಕಿದರೂ ಇಂಥವಳು ನಾನೊಬ್ಬಳೇ ಎಂಬುದು ನನಗೆ ಊಟಕ್ಕಿಂತ ಹೆಚ್ಚು ಬಲ ಕೊಡುತ್ತಿತ್ತು.

ಆಮೇಲೆ ರಿಬ್ರೀದರ್ ಕೊಂಡೆ. ಹಳೆಯದು, ಬೇರೊಬ್ಬರು ಬಳಸಿದ್ದು. ಮಾಮೂಲಿ ಸಿಲಿಂಡರ್ ಹೊತ್ತು ಇಳಿದರೆ ಬಿಟ್ಟ ಉಸಿರು ಗುಳ್ಳೆಯಾಗಿ ಮೇಲೆ ಹೋಗುತ್ತದೆ. ರಿಬ್ರೀದರ್‌ನಲ್ಲಿ ಹಾಗಲ್ಲ. ಬಿಟ್ಟ ಉಸಿರು ಕೊಳವೆಯಲ್ಲಿ ಹಾದು ಸುಣ್ಣದ ಕಾಳು ತುಂಬಿದ ಡಬ್ಬಿಗೆ ಹೋಗುತ್ತದೆ. ಉಸಿರಿನ ಕೆಟ್ಟ ಗಾಳಿಯನ್ನು ಸುಣ್ಣ ಹೀರುತ್ತದೆ, ಕಡಿಮೆ ಬಿದ್ದ ಆಕ್ಸಿಜನ್ನನ್ನು ಸಣ್ಣ ಸಿಲಿಂಡರೊಂದು ತುಂಬುತ್ತದೆ. ಅದೇ ಉಸಿರು ಒಂದು ಚೀಲದ ಮೂಲಕ ಮತ್ತೆ ಬಾಯಿಗೆ ಬರುತ್ತದೆ. ಗುಳ್ಳೆಯಿಲ್ಲ, ಸದ್ದಿಲ್ಲ, ಮೀನು ಬೆದರುವುದಿಲ್ಲ. ಆದರೆ ಸುಣ್ಣಕ್ಕೂ ಆಯುಷ್ಯ ಇದೆ. ಅದರ ಸತ್ವ ಮುಗಿದರೆ ನನ್ನ ಯಂತ್ರದಲ್ಲಿ ಗಂಟೆ ಬಾರಿಸುವಂಥದ್ದು ಏನೂ ಇಲ್ಲ. ತಲೆ ಸಿಡಿಯುತ್ತದೆ, ಏದುಸಿರು ಬರುತ್ತದೆ, ಗಾಬರಿಯಾಗುತ್ತದೆ... ಅಷ್ಟರೊಳಗೆ ಮುಳುಗಿದವರು ಏನಾದರೂ ಮಾಡಿಕೊಳ್ಳಬೇಕು. ಅದಕ್ಕೇ ಯಾವ ಸುಣ್ಣವನ್ನು ಎಷ್ಟು ಹೊತ್ತು ಬಳಸಿದೆ ಎಂದು ಪ್ರತಿ ಸಲ ಬರೆದಿಡಬೇಕು.

ದೂರದ ದ್ವೀಪವೊಂದರಲ್ಲಿ ಆರು ದಿನದ ಕೋರ್ಸ್ ಮುಗಿಸಿದೆ. ಕಲಿಸಿದಾತ ಸರ್ಟಿಫಿಕೇಟ್ ಕೊಡುತ್ತಾ ಒಂದು ಮಾತು ಹೇಳಿದ್ದ. ಆರು ದಿನದಲ್ಲಿ ನಾನು ನಿನಗೆ ಕಲಿಸಿದ್ದು ಗುಂಡಿ ಒತ್ತುವುದನ್ನು, ನಿನ್ನ ಊರಿನ ಹತ್ತಿರ ನಿನ್ನನ್ನು ವಾರವಾರವೂ ನೋಡುವ ಒಬ್ಬರನ್ನು ಹುಡುಕಿಕೋ, ಇಲ್ಲದಿದ್ದರೆ ಇದನ್ನು ಮಾರಿಬಿಡು ಎಂದಿದ್ದ. ನಮ್ಮೂರಿನ ಹತ್ತಿರ ಯಾರಿದ್ದಾರು ಎಂದು ನಾನು ನಕ್ಕಿದ್ದೆ.

ಮಳೆಗಾಲದ ನಾಲ್ಕು ತಿಂಗಳು ಕಡಲಲ್ಲಿ ಕೆಲಸವಿರುವುದಿಲ್ಲ. ಊರಿಗೆ ಬಂದಿದ್ದೆ. ತೋಟದ ಬಾವಿಯಲ್ಲಿ ಪಂಪು ಕಳಚಿ ಬಿದ್ದಿತ್ತು. ನೋಡಲು ಬಂದ ಮೆಕ್ಯಾನಿಕ್ಕು ಮನೆಯಲ್ಲಿದ್ದ ನನ್ನ ರಿಬ್ರೀದರ್ ಕಂಡು, “ಇಂಥದ್ರ ಫೋಟೋ ನಾ ನೋಡೇನ್ರಿ” ಅಂದ. “ನಾಲತವಾಡದಾಗ ಒಬ್ರು ಅದಾರ. ನೇವ್ಯಾಗ ಇದ್ರು. ಬಾವ್ಯಾಗ ಪಂಪ್ ಬಿದ್ರ ಮುಳುಗಿ ತಗೀತಾರ. ಅವ್ರ ಅಂಗಡ್ಯಾಗ ಐತ್ರಿ ಫೋಟೋ.”

ಇಂಡಿಯಿಂದ ಸಿಂದಗಿಗೆ, ಸಿಂದಗಿಯಿಂದ ಮುದ್ದೇಬಿಹಾಳಕ್ಕೆ, ಅಲ್ಲಿಂದ ನಾಲತವಾಡಕ್ಕೆ. ಮೂರು ಬಸ್ಸು ಬದಲಿಸಿ, ಮೂವತ್ತು ಕಿಲೋ ಯಂತ್ರವನ್ನು ಮಡಿಲಲ್ಲಿಟ್ಟುಕೊಂಡು ಹೋದೆ. ಕಂಡಕ್ಟರ್ ಅದಕ್ಕೂ ಲಗೇಜ್ ಟಿಕೆಟ್ ಹರಿದ.

ಅಂಗಡಿಯಲ್ಲಿ ಸುಟ್ಟ ಕಾಯಿಲ್ಲುಗಳ ರಾಶಿ. ಕಾಕಾ ತಾಮ್ರದ ತಂತಿ ಸುತ್ತುತ್ತಾ ಕೂತಿದ್ದರು. ಎತ್ತರದ ಮನುಷ್ಯ, ಬನಿಯನ್, ಪಟ್ಟಾಪಟ್ಟಿ ಚಡ್ಡಿ, ಕಿವಿಯ ಮೇಲೆ ಪೆನ್ಸಿಲ್. ನಾನು ಪತ್ರಿಕೆಯ ತುಣುಕು ತೋರಿಸಿದೆ. ಅದನ್ನು ನೋಡಲಿಲ್ಲ. ಯಂತ್ರದ ಮುಚ್ಚಳ ಬಿಚ್ಚಿ ಒಳಗೆ ಮೂಗಿಟ್ಟು ಮೂಸಿದರು. ಆಮೇಲೆ ಕೇಳಿದರು.

“ಇದು ನಿನ್ನ ಹೆಂಗ ಕೊಲ್ತೈತಿ, ಮೊದ್ಲ ಅದನ್ನ ಹೇಳು.”

ನಾನು ಕೋರ್ಸಿನ ಪುಸ್ತಕದಲ್ಲಿದ್ದುದನ್ನು ಇಂಗ್ಲಿಷಿನಲ್ಲಿ ಗಡಗಡ ಹೇಳಿದೆ.

“ಕನ್ನಡದಾಗ ಹೇಳು. ನೀರಾಗ ಹೆದರಿಕಿ ಬಂದಾಗ ಇಂಗ್ಲಿಷ್ ನೆನಪ ಬರಂಗಿಲ್ಲ.”

ತಡವರಿಸಿದೆ. ಆಕ್ಸಿಜನ್ ಕಮ್ಮಿಯಾದರೆ, ಹೆಚ್ಚಾದರೆ, ಸುಣ್ಣ ಮುಗಿದರೆ... ಮೂರನ್ನು ಹೇಳುವಷ್ಟರಲ್ಲಿ ಬೆವತಿದ್ದೆ.

“ಗೊತ್ತೈತಿ ಹಂಗಾರ. ನಾಳೆ ಬಾ. ನೀರಿಗಲ್ಲ, ಸುಣ್ಣ ತುಂಬಾಕ.”

ಮುದ್ದೇಬಿಹಾಳದಲ್ಲಿ ನಮ್ಮ ಅತ್ತೆಯ ಮನೆ ಇತ್ತು. ಅಲ್ಲಿಯೇ ಉಳಿದೆ. ಎರಡು ವಾರ ಕಾಕಾ ನನ್ನನ್ನು ನೀರಿಗೆ ಬಿಡಲಿಲ್ಲ. ಅಂಗಡಿಯ ಮೂಲೆಯಲ್ಲಿ ಡಬ್ಬಿಗೆ ಸುಣ್ಣದ ಕಾಳು ಸುರಿಯುವುದು, ತಟ್ಟುವುದು, ಮತ್ತೆ ಸುರಿಯುವುದು, ಮತ್ತೆ ತಟ್ಟುವುದು. ಸಡಿಲಾಗಿ ತುಂಬಿದರೆ ಉಸಿರು ಸುಣ್ಣಕ್ಕೆ ತಾಗದೆ ಸಂದಿಯಲ್ಲೇ ನುಸುಳಿ ಬಂದುಬಿಡುತ್ತದೆ. ಕಾಕಾ ಕಣ್ಣು ಮುಚ್ಚಿ ಡಬ್ಬಿಯನ್ನು ಕಿವಿಯ ಹತ್ತಿರ ಅಲ್ಲಾಡಿಸುತ್ತಿದ್ದರು. ಒಂದು ಕಾಳು ಸರಿದ ಸದ್ದು ಕೇಳಿದರೂ, “ಸುರಿ” ಅನ್ನುತ್ತಿದ್ದರು. ಉದ್ದ ರೂಲಿನ ನೋಟುಬುಕ್ಕೊಂದನ್ನು ಕೊಟ್ಟು ತಾರೀಖು, ಸುಣ್ಣ, ಹೊತ್ತು ಬರೆಯುವ ಕೆಲಸವನ್ನು ನನಗೇ ಒಪ್ಪಿಸಿದರು. “ಇದರಾಗ ಬರ್ದದ್ದನ್ನ ನಂಬಿ ಮನಷ್ಯಾ ನೀರಿಗಿ ಇಳೀತಾನ” ಅಂದರು.

ನೀರು ಎಂದರೆ ಊರಿನಾಚೆಯ ಬಿಟ್ಟುಹೋದ ಕಲ್ಲಿನ ಖಣಿ. ಕಲ್ಲು ತೆಗೆಯುತ್ತಾ ಹೋದ ಹಾಗೆ ಒರತೆ ಬಂದು ತುಂಬಿಕೊಂಡಿತ್ತು. ನಾಲ್ಕೂ ಕಡೆ ಕೆಂಪು ಕಲ್ಲಿನ ಗೋಡೆ, ನೀರು ಮಾತ್ರ ಗಾಜಿನಂತೆ. ಯಾವ ಗೋಡೆಯ ಕೆಳಗೆ ತಂತಿ ಇದೆ, ಯಾವ ಮೂಲೆಯಲ್ಲಿ ಹಳೆಯ ಯಂತ್ರದ ಕಬ್ಬಿಣ ಬಿದ್ದಿದೆ, ಯಾವ ತಿಂಗಳಲ್ಲಿ ಎಷ್ಟು ಆಳಕ್ಕೆ ನೀರು ಒಮ್ಮೆಲೇ ಕೊರೆಯುವಷ್ಟು ತಣ್ಣಗಾಗುತ್ತದೆ, ಎಲ್ಲ ಕಾಕಾಗೆ ಗೊತ್ತಿತ್ತು. ನನ್ನ ಕೋರ್ಸಿನ ಪುಸ್ತಕದಲ್ಲಿ ಆ ಖಣಿ ಇರಲಿಲ್ಲ. ಅವರಿಗೆ ಎದೆಯ ತೊಂದರೆ, ಆಳಕ್ಕೆ ಇಳಿಯುವುದು ಬಿಟ್ಟಿದ್ದರು. ಟ್ರ್ಯಾಕ್ಟರಿನ ಟ್ಯೂಬಿನ ಮೇಲೆ ಬೋರಲಾಗಿ ಮಲಗಿ, ಮುಖವಾಡ ನೀರಿಗೆ ಅದ್ದಿ ನನ್ನನ್ನು ನೋಡುತ್ತಿದ್ದರು. ನನ್ನ ಸೊಂಟದ ಹಗ್ಗದ ಇನ್ನೊಂದು ತುದಿ ಅವರ ಕೈಯಲ್ಲಿ. ಮೇಲೆ ಬಂದ ಕೂಡಲೇ ತಪ್ಪುಗಳನ್ನು ಒಂದೊಂದಾಗಿ ಹೇಳುತ್ತಿದ್ದರು. ಮೊದಲ ದಿನ ಹನ್ನೊಂದು. ಒಳ್ಳೆಯದಿದ್ದರೆ ಏನೂ ಹೇಳುತ್ತಿರಲಿಲ್ಲ. ನಾನು ಆ ಏನೂ ಹೇಳದಿರುವುದಕ್ಕಾಗಿ ಕಾಯುತ್ತಿದ್ದೆ. ಮಳೆಗಾಲ ಮುಗಿಯುವ ಹೊತ್ತಿಗೆ ತಪ್ಪುಗಳು ನಾಲ್ಕಕ್ಕೆ ಇಳಿದವು. ಅದೊಂದು ಒಳ್ಳೆಯ ಕಾಲ. ಇಡೀ ಮನುಷ್ಯ ನನ್ನೊಬ್ಬಳ ಪಾಲಿಗಿದ್ದರು...

ಮುಂದಿನ ಜೂನಿನಲ್ಲಿ ಹೋದಾಗ ಅಂಗಡಿಯಲ್ಲಿ ಮಹಾದೇವಿ ಕೂತಿದ್ದಳು.

ಗೊಳಸಂಗಿಯ ಮಗಳು. ನಾಲತವಾಡದ ಹತ್ತಿರದ ಹಳ್ಳಿಯೊಂದರ ಶಾಲೆಯಲ್ಲಿ ಪಿ.ಟಿ. ಟೀಚರ್. ನನಗಿಂತ ಐದಾರು ವರ್ಷ ಚಿಕ್ಕವಳು. ಶಾಲೆಯ ಇಬ್ಬರು ಹುಡುಗಿಯರು ಕಾಲುವೆಯಲ್ಲಿ ಜಾರಿದಾಗ ಒಬ್ಬಳನ್ನು ಈಕೆಯೇ ಹಾರಿ ಎತ್ತಿದ್ದಳಂತೆ. ಇನ್ನೊಬ್ಬಳು ಕೈಗೆ ಸಿಕ್ಕಿರಲಿಲ್ಲ. ನೀರೊಳಗೆ ಕಣ್ಣು ಕಾಣುವಷ್ಟು ಕಲಿಯಬೇಕು ಎಂದು ಕಾಕಾನ ಹತ್ತಿರ ಬಂದಿದ್ದಳು. ನಾನು ಕಡಲಲ್ಲಿದ್ದ ಎಂಟು ತಿಂಗಳಲ್ಲಿ ಕಾಕಾ ತಮ್ಮ ಹಳೆಯ ಗಾಳಿಯ ಸಿಲಿಂಡರಿನಲ್ಲಿ ಆಕೆಗೆ ಮುಳುಗುವುದನ್ನು ಕಲಿಸಿದ್ದರು.

ಆಕೆ ನನ್ನನ್ನು ಕಂಡು ಎದ್ದು ನಿಂತಳು. “ಅಕ್ಕಾ, ನಿಮ್ಮ ಬಗ್ಗೆ ಕಾಕಾ ಭಾಳ ಹೇಳ್ಯಾರ್ರಿ” ಅಂದಳು. ಮುಖದಲ್ಲಿ ನಿಜವಾದ ಖುಷಿ. ಆ ಖುಷಿಯೇ ನನಗೆ ಚುಚ್ಚಿತು. ಅಂಗಡಿಯಲ್ಲಿ ನಾನು ಕೂರುತ್ತಿದ್ದ ಮರದ ಪೆಟ್ಟಿಗೆಯಿಂದಲೇ ಆಕೆ ಎದ್ದಿದ್ದಳು.

ಕಾಕಾ ನನ್ನನ್ನು ಹೆಸರು ಹಿಡಿದು ಕರೆದವರಲ್ಲ. ಇಂಡೀ ಅನ್ನುತ್ತಿದ್ದರು. ಆಕೆಯನ್ನು ಟೀಚರ್ ಅನ್ನುತ್ತಿದ್ದರು. ಮೂರನೆಯ ವಾರ ಖಣಿಯ ದಂಡೆಯಲ್ಲಿ ಕೇಳಿದರು. “ಇಂಡೀ, ನಿನ್ನ ಮಶೀನ್ ಟೀಚರ್‌ಗೆ ಒಂದೀಟು ಕೊಡ್ತೀಯೇನು?”

ಒಲ್ಲೆ ಎನ್ನಲು ಬಾಯಿ ಬರಲಿಲ್ಲ. ಕೊಟ್ಟೆ.

ಸ್ಕೂಬಾದಲ್ಲಿ ಉಸಿರು ಒಳಗೆಳೆದರೆ ಮೈ ಮೇಲೇಳುತ್ತದೆ, ಬಿಟ್ಟರೆ ಇಳಿಯುತ್ತದೆ. ಎಷ್ಟೋ ವರ್ಷ ಹಾಗೆಯೇ ಬದುಕಿದ ನನ್ನ ಎದೆಗೆ ಅದೇ ಅಭ್ಯಾಸ. ರಿಬ್ರೀದರ್‌ನಲ್ಲಿ ಗಾಳಿ ಎದೆಯಿಂದ ಚೀಲಕ್ಕೆ, ಚೀಲದಿಂದ ಎದೆಗೆ ಓಡಾಡುತ್ತದೆಯೇ ಹೊರತು ಹೊರಗೆ ಹೋಗುವುದಿಲ್ಲ. ಉಸಿರೆಳೆದರೂ ಮೈ ಏಳುವುದಿಲ್ಲ. ನಾನು ಒಂದು ವರ್ಷ ಒದ್ದಾಡಿದ್ದು ಇದರ ಜೊತೆಗೇ. ಮಹಾದೇವಿಗೆ ಮರೆಯಬೇಕಾದ ಅಭ್ಯಾಸ ಹೆಚ್ಚೇನೂ ಇರಲಿಲ್ಲ. ನನ್ನ ಯಂತ್ರವನ್ನು ಕಚ್ಚಿಕೊಂಡು ಇಳಿದವಳು ಐದು ಮೀಟರಿನಲ್ಲಿ ಗೋಡೆಗೆ ಮೊಳೆ ಹೊಡೆದಿಟ್ಟ ಹಾಗೆ ನಿಂತಳು. ನಾನು ಮೇಲಿನಿಂದ ಮುಖವಾಡ ಅದ್ದಿ ನೋಡುತ್ತಿದ್ದೆ. ಖಣಿಯ ಸಣ್ಣ ಮೀನುಗಳು ಬಂದು ಆಕೆಯ ಕೈಗವಸನ್ನು ಮೂಸಿದವು. ನನ್ನ ಹತ್ತಿರ ಅವು ಒಮ್ಮೆಯೂ ಬಂದಿರಲಿಲ್ಲ.

ಆಕೆ ಮೇಲೆ ಬಂದಾಗ ನಾನು ತಪ್ಪುಗಳ ಪಟ್ಟಿಗಾಗಿ ಕಾದೆ. ಕಾಕಾ ಟ್ಯೂಬಿನ ಮೇಲೆ ಎದ್ದು ಕೂತು ಮುಖ ಒರೆಸಿಕೊಂಡರು.

“ಟೀಚರ್, ನೀ ಹೋಗಿ ಬಂದದ್ದು ನೀರಿಗಿ ಗೊತ್ತಾಗಿಲ್ಲ ನೋಡು.”

ಇದು ಹೊಗಳಿಕೆ. ಕಾಕಾನ ಬಾಯಿಂದ. ನನಗೆ ಸಿಗದಿದ್ದದ್ದು, ನನ್ನ ಯಂತ್ರದಲ್ಲೇ ಉಸಿರಾಡಿ ಆಕೆಗೆ ಸಿಕ್ಕಿತು. ಆ ದಿನ ಅತ್ತೆಯ ಮನೆಯಲ್ಲಿ ಯಂತ್ರ ತೊಳೆಯುವಾಗ ಬಾಯಿಗಿಡುವ ರಬ್ಬರನ್ನು ಮೂರು ಸಲ ಸೋಪು ಹಚ್ಚಿ ಉಜ್ಜಿದೆ. ಅತ್ತೆ, “ಏನಾಗೇತೇ ಅದಕ?” ಅಂದರು. ಏನಿಲ್ಲ ಅಂದೆ.

ಅಲ್ಲಿಂದ ಮುಂದೆ ನಾನು ಸಣ್ಣವಳಾಗುತ್ತಾ ಹೋದೆ. ಆಕೆಯ ಸರದಿ ಬರುವಾಗ ಆಕ್ಸಿಜನ್ ಅಳೆಯುವ ಸೆನ್ಸರ್ ಸರಿಯಿಲ್ಲ ಎನ್ನುವುದು, ಹೊರಡುವುದನ್ನು ತಡಮಾಡುವುದು, ಆಕೆ ತಂದ ಸಜ್ಜಿ ರೊಟ್ಟಿ, ಹಿಂಡಿ ಚಟ್ನಿಯನ್ನು ಹಸಿವಿಲ್ಲವೆಂದು ದೂಡುವುದು. ಬಸ್ಸಿನಲ್ಲಿ ಕೂತರೆ ಆಕೆಯ ಕೊರತೆಗಳನ್ನು ಎಣಿಸುತ್ತಿದ್ದೆ. ಕಡಲನ್ನೇ ಕಂಡವಳಲ್ಲ, ಸರ್ಟಿಫಿಕೇಟ್ ಇಲ್ಲ, ಯಂತ್ರದ ಹೆಸರನ್ನೂ ಸರಿಯಾಗಿ ಅನ್ನಲಾರಳು. ಕಾಕಾ ಇದ್ಯಾವುದನ್ನೂ ಗಮನಿಸಿದಂತೆ ತೋರುತ್ತಿರಲಿಲ್ಲ. ಆಕೆಯನ್ನು ದಂಡೆಯ ಮೇಲೆ ಕೂರಿಸಿ ಹಗ್ಗ ಹಿಡಿಯುವುದನ್ನು ಹೇಳಿಕೊಡುತ್ತಿದ್ದರು. ಕೆಳಗಿದ್ದವರು ಜಗ್ಗಿದ್ದು ಬೇಕೆಂದೋ, ಕಲ್ಲಿಗೆ ತೊಡರಿಯೋ ಎಂದು ಬೆರಳಿಗೆ ತಿಳಿಯಬೇಕು. ನನಗೆ ಅದನ್ನು ಯಾಕೆ ಹೇಳಿಕೊಡಲಿಲ್ಲ ಎಂದು ಅದಕ್ಕೂ ಉರಿದೆ.

ಒಂದು ಶುಕ್ರವಾರ, ಮಹಾದೇವಿ ಶಾಲೆಯಲ್ಲಿರುವ ಹೊತ್ತು, ಕಾಕಾ ಬಾವಿಯ ಕೆಲಸಕ್ಕೆಂದು ಬೇರೆ ಊರಿಗೆ ಹೋಗಿದ್ದ ದಿನ, ನಾನು ಟಂಟಂ ಆಟೋ ಮಾಡಿಕೊಂಡು ಖಣಿಗೆ ಹೋದೆ. ಒಬ್ಬರೇ ಇಳಿಯಬಾರದು ಎಂಬುದು ಕಾಕಾನ ಮೊದಲ ನಿಯಮ. ಇಳಿದೆ. ಆಕೆಯಂತೆ ಅಲುಗಾಡದೆ ನಿಲ್ಲಬೇಕು, ಅಷ್ಟೇ ನನ್ನ ತಲೆಯಲ್ಲಿತ್ತು. ಒಂದೂವರೆ ಗಂಟೆ ಒದ್ದಾಡಿದೆ. ಕೊನೆಕೊನೆಗೆ ಸ್ವಲ್ಪ ಹೊತ್ತು ನಿಂತೆ ಕೂಡ. ಯಾರೂ ನೋಡಲಿಲ್ಲ.

ಡಬ್ಬಿಯಲ್ಲಿದ್ದ ಸುಣ್ಣ ಆಗಲೇ ಎರಡು ಗಂಟೆ ಬಳಸಿದ್ದು. ಒಟ್ಟು ಮೂರು ಗಂಟೆ ಬಳಸಿದ ಮೇಲೆ ಬದಲಿಸಬೇಕೆಂಬುದು ನಮ್ಮ ಲೆಕ್ಕ. ಅಂದರೆ ಅದು ಆ ಮಧ್ಯಾಹ್ನವೇ ಮುಗಿದಿತ್ತು. ಬದಲಿಸಿದರೆ ನೋಟುಬುಕ್ಕಿನಲ್ಲಿ ಬರೆಯಬೇಕು. ಬರೆದರೆ ಒಬ್ಬಳೇ ಇಳಿದದ್ದು ತಿಳಿಯುತ್ತದೆ, ಯಾಕೆ ಇಳಿದೆ ಎಂಬುದೂ ತಿಳಿಯುತ್ತದೆ. ಹೊಸ ಸುಣ್ಣ ಇದ್ದದ್ದು ಕಾಕಾನ ಅಂಗಡಿಯಲ್ಲಿ; ಭಾನುವಾರ ಮುಂಜಾನೆ ಎಲ್ಲರಿಗಿಂತ ಮೊದಲು ಅಲ್ಲಿಗೆ ಹೋಗಿ ನಾನೇ ಬದಲಿಸಿ, ಸುಣ್ಣ ಒದ್ದೆಯಾಗಿತ್ತು ಅಂದರಾಯಿತು ಎಂದುಕೊಂಡೆ.

ಭಾನುವಾರ ಬಸ್ಸು ತಡವಾಯಿತು. ನಾನು ತಲುಪಿದಾಗ ಇಬ್ಬರೂ ದಂಡೆಯಲ್ಲಿ ಕಾಯುತ್ತಿದ್ದರು. ಆ ದಿನ ಮಹಾದೇವಿ ಮೊದಲ ಬಾರಿ ಖಣಿಯ ತಳ ಮುಟ್ಟಬೇಕಿತ್ತು. ಕಾಕಾ ಯಂತ್ರವನ್ನು ಹಾಸಿದ ಗೋಣಿಚೀಲದ ಮೇಲಿಟ್ಟು ನೋಟುಬುಕ್ಕು ತೆರೆದರು.

“ಎರಡು ತಾಸು ಆಗೇತಿ. ಅರ್ಧ ತಾಸಿನ ಕೆಲಸ. ಸಾಕು.” ಆಮೇಲೆ ಆಕ್ಸಿಜನ್ ಗೇಜ್ ನೋಡಿ ಹುಬ್ಬು ಗಂಟಿಕ್ಕಿದರು. “ಇಳಿದೈತೆಲ್ಲ ಇಂಡೀ?”

“ಸೋರಾಕತ್ತಿತ್ರಿ ಕಾಕಾ. ಬಿಗಿ ಮಾಡೇನಿ.”

ಎಷ್ಟು ಸಲೀಸಾಗಿ ಬಂತು ಆ ಸುಳ್ಳು... ಮಹಾದೇವಿ ಮೂಗು ಹಿಡಿದುಕೊಂಡು ಐದು ನಿಮಿಷ ದಂಡೆಯಲ್ಲೇ ಯಂತ್ರದಲ್ಲಿ ಉಸಿರಾಡಿದಳು. ಕೂತಲ್ಲಿ ಉಸಿರಾಡಿದರೆ ಸೋತ ಸುಣ್ಣವೂ ಒಮ್ಮೊಮ್ಮೆ ಸರಿಯಿದ್ದಂತೆಯೇ ನಟಿಸುತ್ತದೆ. ನಾನು ಎದುರಿಗೇ ನಿಂತಿದ್ದೆ. ಈಗ ಹೇಳಬೇಕು, ಈಗ ಹೇಳಬೇಕು ಅನ್ನುತ್ತಲೇ ಇದ್ದೆ. ನನ್ನೊಳಗಿನ ಇನ್ನೊಂದು ದನಿ ಬೇರೆ ಹೇಳುತ್ತಿತ್ತು. ಸಾಯುವುದಿಲ್ಲ, ಸ್ವಲ್ಪ ತಲೆನೋವು ಬಂದು ಅರ್ಧಕ್ಕೇ ಮೇಲೆ ಬರುತ್ತಾಳೆ. ಒಂದು ದಿನವಾದರೂ ಆಕೆಗೂ ಸಾಧ್ಯವಾಗದೆ ಹೋಗಲಿ.  ಅದು ನನ್ನದೇ ದನಿ.

ಆಕೆ ಇಳಿದಳು. ಕಾಕಾ ಹಗ್ಗ ಬಿಡುತ್ತಾ ಹೋದರು. ಗುಳ್ಳೆಯಿಲ್ಲದ ಯಂತ್ರ, ಮೇಲಿದ್ದವರಿಗೆ ಏನೂ ಕಾಣುವುದಿಲ್ಲ. ನೀರು ಸುಮ್ಮನಿತ್ತು. ಒಂದು ನಿಮಿಷ, ಐದು ನಿಮಿಷ, ಎಂಟು ನಿಮಿಷ. ಆ ಸುಮ್ಮನಿರುವಿಕೆಯನ್ನು ನನ್ನಿಂದ ತಡೆಯಲಾಗಲಿಲ್ಲ.

“ಕಾಕಾ, ಆಕೀನ ಜಗ್ರಿ. ಸುಣ್ಣ ಮುಗದೈತಿ. ಶುಕ್ರವಾರ ನಾ ಇಳದಿದ್ನಿ...”

ಅವರು ನನ್ನ ಮುಖ ನೋಡಲಿಲ್ಲ. ಹಗ್ಗವನ್ನು ನಾಲ್ಕು ಸಲ ಜಗ್ಗಿದರು, ಮೇಲೆ ಬಾ ಎಂಬ ಸನ್ನೆ. ಉತ್ತರ ಬರಲಿಲ್ಲ. ಇನ್ನೊಮ್ಮೆ ಜಗ್ಗಿದರು. ಅಷ್ಟರಲ್ಲಿ ನೀರಿನ ಮೇಲೆ ಗುಳ್ಳೆಗಳು ಎದ್ದವು. ಬುಳುಬುಳು ಎಂದು ಗುಂಪುಗುಂಪಾಗಿ. ಮುಳುಗಿಯೇ ಹೋದಳು ಎಂದುಕೊಂಡೆ. ಕಾಕಾ ಮಾತ್ರ ಉಸಿರು ಬಿಟ್ಟರು. “ಬದಲ್ ಮಾಡ್ಯಾಳ” ಅಂದರು.

ನಿಜ. ಏದುಸಿರು ಶುರುವಾದ ಕೂಡಲೇ ಮಹಾದೇವಿ ಯಂತ್ರದ ಬಾಯಿ ಮುಚ್ಚಿ, ಪಕ್ಕದಲ್ಲಿ ನೇತುಬಿಟ್ಟಿದ್ದ ಸಾದಾ ಗಾಳಿಯ ಸಿಲಿಂಡರಿಗೆ ಬದಲಾಗಿದ್ದಳು. ಉಸಿರು ಯಾಕೆ ಹೀಗಾಯಿತು ಎಂದು ಕೆಳಗೆ ಯೋಚಿಸುತ್ತಾ ಕೂರಬೇಡ, ಮೊದಲು ಬದಲಿಸು, ಯೋಚನೆಯನ್ನು ದಂಡೆಗೆ ಬಂದು ಮಾಡು ಎಂದು ಕಾಕಾ ನೂರು ಸಲ ಹೇಳಿದ್ದರು. ಗಡಿಬಿಡಿಯಿಲ್ಲದೆ, ಒತ್ತಡ ಇಳಿದದ್ದಕ್ಕೆ ಮೈ ಹೊಂದಿಕೊಳ್ಳಲೆಂದು ನಡುವೆ ನಿಲ್ಲಬೇಕಾದಷ್ಟು ನಿಂತು, ಮೇಲೆ ಬಂದಳು. ಮುಖ ಕೆಂಪಾಗಿತ್ತು. ಕಲ್ಲಿನ ಮೇಲೆ ಮಲಗಿ ಎರಡು ಕೈಯಿಂದ ತಲೆ ಒತ್ತಿಹಿಡಿದಳು. ಕಾಕಾ ಆಕೆಗೆ ಆಕ್ಸಿಜನ್ ಕೊಟ್ಟು, ಒದ್ದೆ ಬಟ್ಟೆ ಹಣೆಗೆ ಹಾಕಿ ಪಕ್ಕದಲ್ಲೇ ಕೂತರು. 

ಆಕೆ ಎದ್ದು ಕೂತ ಮೇಲೆ ನೋಟುಬುಕ್ಕನ್ನು ನನ್ನ ಮುಂದಿಟ್ಟರು, ಕಿವಿಯ ಮೇಲಿನ ಪೆನ್ಸಿಲ್ ಕೊಟ್ಟರು.

“ಶುಕ್ರವಾರದ ತಾರೀಖ ಹಾಕಿ ಬರಿ.”

ಬರೆದೆ. ಅಕ್ಷರ ಅಡ್ಡಾದಿಡ್ಡಿಯಾಯಿತು.

“ಯಾಕ ಬರೀಲಿಲ್ಲಂತ ನಾ ಕೇಳಂಗಿಲ್ಲ. ನನಗ ಗೊತ್ತೈತಿ” ಅಂದರು. ಆಮೇಲೆ ಮಹಾದೇವಿಯ ಕಡೆ ತಿರುಗಿದರು. “ಟೀಚರ್, ಕೆಳಗಿದ್ದಾಕಿ ನೀ. ಇಂಡಿ ಇನ್ನ ಇಲ್ಲಿಗಿ ಬರಬೇಕೋ ಬ್ಯಾಡೋ, ನೀ ಹೇಳು.”

ಮಹಾದೇವಿಗೆ ಆಗಷ್ಟೇ ವಿಷಯ ತಿಳಿಯಿತು. ನನ್ನ ಕಡೆ ತಿರುಗಿದಳು. ಬೈಯುತ್ತಾಳೆ ಎಂದುಕೊಂಡೆ. ಬೈದರೆ ಹಗುರಾಗುತ್ತಿತ್ತು.

“ಮುಂದಿನ ಐತ್ವಾರ ಸುಣ್ಣ ಅಕ್ಕಾನ ತುಂಬ್ಲಿ” ಅಂದಳು. “ಅದ್ರ ಮ್ಯಾಲೆ ನಾ ಇಳೀತೇನಿ.”

ಕಾಕಾ ತಲೆಯಾಡಿಸಿದರು. ಅಳು ಬಂತು, ಅತ್ತುಬಿಟ್ಟೆ. ನಾಚಿಕೆಯಾಯಿತು, ನಿಜ. ಆದರೆ ಆ ಅಳುವಿನ ತಳದಲ್ಲಿ ಮತ್ತೆ ಅದೇ ಕಿಚ್ಚು ಇತ್ತು. ಇಂಥ ಮಾತು ಹೇಳುವುದು ನನ್ನಿಂದ ಆಗುತ್ತಿರಲಿಲ್ಲ. ನೀರಿನಲ್ಲಷ್ಟೇ ಅಲ್ಲ, ದಂಡೆಯ ಮೇಲೂ ಆಕೆ ನನಗಿಂತ ಮುಂದಿದ್ದಳು.

ಆ ವಾರ ಪೂರ್ತಿ ಡಬ್ಬಿ ತುಂಬಿ, ಬರಿದು ಮಾಡಿ, ಮತ್ತೆ ತುಂಬಿದೆ. ಭಾನುವಾರ ಹೊಸ ಸುಣ್ಣ ಹಾಕಿದೆ. ಮಹಾದೇವಿ ಡಬ್ಬಿಯನ್ನು ಅಲ್ಲಾಡಿಸಿ ಕೂಡ ನೋಡಲಿಲ್ಲ. ಇಳಿದಳು, ತಳ ಮುಟ್ಟಿದಳು, ಒಂದು ಹಿಡಿ ಕೆಂಪು ಕಲ್ಲಿನ ಚೂರು ತಂದು ನನ್ನ ಅಂಗೈಯಲ್ಲಿಟ್ಟಳು.

ಆ ಸಂಜೆ ಕಾಕಾ ನನ್ನನ್ನು ಬಸ್‌ಸ್ಟ್ಯಾಂಡಿನವರೆಗೆ ಬಿಡಲು ಬಂದರು. ಮುದ್ದೇಬಿಹಾಳದ ಬಸ್ಸು ಇನ್ನೂ ಬಂದಿರಲಿಲ್ಲ. ಚಹಾ ಕುಡಿಯುತ್ತಾ ನಿಂತಿದ್ದೆವು. ಕೇಳಬಾರದೆಂದಿದ್ದರೂ ಕೇಳಿಬಿಟ್ಟೆ.

“ಕಾಕಾ, ನನಗ ಯಾವತ್ತೂ ಚಲೋ ಅಂದಿಲ್ರಿ ನೀವು. ಆಕೀಗಿ ಅಂದ್ರಿ.”

“ಅಂದ್ನಿ.”

“ಯಾಕ್ರಿ?”

ಲೋಟದ ತಳದ ಚಹಾವನ್ನು ಚೆಲ್ಲಿ ಅವರು ನನ್ನ ಕಡೆ ನೋಡಿದರು. “ನೀ ಸಮುದ್ರಕ್ಕ ಹೋಗಾಕಿ. ನಿನ್ನ ಚಲೋ ಅನ್ನಾಕ ಅಲ್ಲಿ ಹತ್ತ ಮಂದಿ ಅದಾರ. ತಪ್ಪ ಹೇಳಾವ ಒಬ್ಬನೂ ಇಲ್ಲ, ಅದಕ್ಕ ನಿನಗ ತಪ್ಪ ಹೇಳ್ತೇನಿ. ಆಕಿ ಇಲ್ಲೇ ಇರಾಕಿ. ಈ ಖಣಿ, ಈ ಬಾವಿ, ಈ ಕಾಲುವಿ... ನಾ ಹೋದಮ್ಯಾಲೆ ಯಾರರ ನಿನ್ನಂಥವ್ರು ಮಶೀನ್ ಹೊತಗೊಂಡು ಬಂದ್ರ, ದಂಡಿ ಮ್ಯಾಲೆ ಕುಂದ್ರಾವ್ರು ಯಾರ? ಆಕೀಗಿ ತನ್ನ ಮ್ಯಾಲೆ ಧೈರ್ಯ ಬರಬೇಕವಾ.”

ಬಸ್ಸು ಬಂತು. ಕಿಟಕಿಯ ಪಕ್ಕ ಕೂತ ಮೇಲೆ ಮಾತು ಒಳಗಿಳಿಯಿತು. ಕಾಕಾ ನನಗೆ ಮುಳುಗುವುದನ್ನು ಕಲಿಸುತ್ತಿದ್ದರು. ಆಕೆಗೆ ಕಲಿಸುತ್ತಿದ್ದುದು ಮುಂದೆ ಕಾಕಾ ಆಗುವುದನ್ನು. ಅರ್ಥವಾದರೆ ಹೊಟ್ಟೆಕಿಚ್ಚು ತಣಿಯುತ್ತದೆ ಅನ್ನುತ್ತಾರೆ. ನನ್ನದು ಅರ್ಥವಾದ ಮೇಲೆ ಇನ್ನೂ ಆಳಕ್ಕೆ ಇಳಿಯಿತು.

ಅದಾದ ಮೇಲೂ ಎರಡು ಮಳೆಗಾಲ ಹೋದೆ. ಮೂವರೂ ಚೆನ್ನಾಗಿಯೇ ಇದ್ದೆವು. ನೋಟುಬುಕ್ಕಿನಲ್ಲಿ ಒಂದು ನಿಮಿಷವನ್ನೂ ನಾನು ಬಿಟ್ಟವಳಲ್ಲ. ನನ್ನ ತಪ್ಪುಗಳು ಎರಡಕ್ಕೆ ಬಂದವು, ಒಂದಕ್ಕೆ ಬಂದವು. ಒಮ್ಮೆ ಒಂದೂ ಇರಲಿಲ್ಲ. ಆ ದಿನ ಕಾಕಾ ಏನೂ ಹೇಳದೆ ಹಗ್ಗ ಸುತ್ತಿಕೊಂಡು ಎದ್ದು ಹೋದರು.

ಹೋದ ವರ್ಷ ಬೇಸಿಗೆಯಲ್ಲಿ ನಾನು ಕಡಲಲ್ಲಿದ್ದಾಗ ಅವರು ತೀರಿಕೊಂಡರು. ಮಹಾದೇವಿ ಏಳು ಸಲ ಫೋನ್ ಮಾಡಿದ್ದಳು. ನಾನು ನೀರೊಳಗಿದ್ದೆ, ಅವರು ಕಲಿಸಿದ ಹಾಗೆ, ಗುಳ್ಳೆಯಿಲ್ಲದೆ, ಎರಡು ಗಂಟೆ. ಸಂಜೆ ದಂಡೆಗೆ ಬಂದು ಫೋನ್ ನೋಡುವಷ್ಟರಲ್ಲಿ ಮಣ್ಣಿಗೆ ಒಯ್ದಾಗಿತ್ತು.

ಈ ಜೂನಿನಲ್ಲಿ ಮಹಾದೇವಿಯ ಮನೆಗೆ ಹೋಗಿದ್ದೆ. ಆಕೆಗೆ ಬಸವನ ಬಾಗೇವಾಡಿಗೆ ವರ್ಗವಾಗಿದೆ. ಆದರೂ ಭಾನುವಾರ ತಪ್ಪದೆ ಖಣಿಗೆ ಹೋಗುತ್ತಾಳೆ. ಕಲಬುರ್ಗಿ ಕಡೆಯ ಇಬ್ಬರು, ಹೊಸಪೇಟೆಯ ಒಬ್ಬಾತ, ಹೀಗೆ ಕೇಳಿಕೊಂಡು ಬರುವವರಿದ್ದಾರೆ. ಕೋರ್ಸ್ ಎಲ್ಲೋ ಮುಗಿಸಿ, ನೋಡುವವರಿಲ್ಲದೆ ಒದ್ದಾಡುತ್ತಿದ್ದವರು. ಆಕೆಯ ಹತ್ತಿರ ಈಗಲೂ ಸ್ವಂತ ಯಂತ್ರವಿಲ್ಲ. ಅಡುಗೆಮನೆಯಲ್ಲಿ ಬೆಳ್ಳುಳ್ಳಿ ಸುಲಿಯುತ್ತಾ ಕಾಕಾನ ಕೊನೆಯ ದಿನಗಳನ್ನು ಹೇಳಿದಳು. ಒಂದು ತಿಂಗಳು ಹಾಸಿಗೆ ಹಿಡಿದಿದ್ದರು. ಶಾಲೆ ಬಿಟ್ಟ ಕೂಡಲೇ ದಿನಾ ಹೋಗುತ್ತಿದ್ದಳು. ಕೊನೆಗೆ ಬಾಯಿಗೆ ನೀರು ಬಿಟ್ಟದ್ದೂ ಆಕೆಯೇ.

ನಾನು ತಡೆಯಲಾರದೆ ಕೇಳಿದೆ. “ಕಾಕಾ ನಾ ಎಲ್ಲಿ ಅಂತ ಕೇಳಿದ್ರೇನು?”

ಆಕೆಯ ಬೆರಳು ನಿಂತವು. ಹೌದು ಎಂದುಬಿಡಬಹುದಿತ್ತು. ಯಾರೂ ಸಾಕ್ಷಿ ಕೇಳುತ್ತಿರಲಿಲ್ಲ.

“ಇಲ್ಲಕ್ಕಾ” ಅಂದಳು. “ಯಾರನ್ನೂ ಕೇಳ್ಲಿಲ್ಲ.”

 ಬೆಳ್ಳುಳ್ಳಿಯ ಒಂದು ಗಡ್ಡೆ ತೆಗೆದುಕೊಂಡು ನಾನೂ ಸುಲಿಯತೊಡಗಿದೆ. ಆಕೆಯೇ ಕೇಳಿದಳು, “ಐತ್ವಾರತನಕ ಇರ್ತೀರಲ್ರಿ?” ಇದ್ದೆ.

ಈಗ ಮತ್ತೆ ಕಡಲ ದಂಡೆಗೆ ಬಂದಿದ್ದೇನೆ. ಹೊಸಬರು ನನ್ನನ್ನು ದೊಡ್ಡವಳೆಂದು ತಿಳಿದು ಬರುತ್ತಾರೆ, ನಾನು ಮಾಡಿದ್ದನ್ನೆಲ್ಲ ಸರಿಯೆಂದೇ ನೋಡುತ್ತಾರೆ. ನೀರಿನಿಂದ ಮೇಲೆ ಬಂದಾಗ ಒಂದು ಕ್ಷಣ ದೋಣಿಯ ಅಂಚಿನ ಕಡೆ ನೋಡುತ್ತೇನೆ, ಯಾರಾದರೂ ಏನಾದರೂ ಹೇಳುತ್ತಾರೇನೋ ಎಂದು. ಯಾರೂ ಹೇಳುವುದಿಲ್ಲ. ಆ ಒಂದು ತಿಂಗಳ ಸಂಜೆಗಳ ಮೇಲೆ, ಆ ಒಂದು ಗುಟುಕು ನೀರಿನ ಮೇಲೆ ನನಗೆ ಇವತ್ತಿಗೂ ಹೊಟ್ಟೆಕಿಚ್ಚು ಇದೆ. ಕಿಚ್ಚು ಪಡಲು ಮಹಾದೇವಿಯಾದರೂ ಇದ್ದಾಳೆ. ಕಾಕಾ ಇಲ್ಲ.